ವೇದಿಕೆಗೆ ಇಳಿಜಾರು ಬೇಕು, ಪ್ಲಗ್ಗಿಗೆ ಅರ್ಥಿಂಗ್ ಬೇಕು

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ಗಣೇಶನ ಹಬ್ಬದ ಸದ್ದಿನ ಬಗ್ಗೆ ಓದುಗರೊಬ್ಬರು ಬರೆದ ಪತ್ರವನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಆರ್ಕೆಸ್ಟ್ರಾದವರು ಬೀರುವಿನಷ್ಟು ದೊಡ್ಡ ಸ್ಪೀಕರ್ ಡಬ್ಬಗಳನ್ನು ತಂದಿಡುತ್ತಾರೆ, ಮೊದಲು ಅವನ್ನು ತರುವುದನ್ನು ನಿಲ್ಲಿಸಬೇಕು ಎಂದು ಅವರು ಕೇಳಿದ್ದರು. ಅಂಥ ಒಂದು ಡಬ್ಬ ನನ್ನ ಹತ್ತಿರವೂ ಇದೆ. ಸದ್ದಿನ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ, ಅವರ ಮಾತಿನಲ್ಲಿ ನಿಜವೂ ಇದೆ. ಆದರೆ ಆ ಪತ್ರ ಓದಿದ ಮೇಲೆ ನನಗೆ ಬಹಳ ವರ್ಷದಿಂದ ಹೇಳಬೇಕು ಅನಿಸಿದ್ದು ಮತ್ತೆ ನೆನಪಾಯಿತು. ನಮ್ಮ ಜಿಲ್ಲೆಯಲ್ಲಿ ಊರೂರಿಗೆ ಸಮುದಾಯ ಭವನ, ರಂಗಮಂದಿರ, ಕಲ್ಯಾಣ ಮಂಟಪ ಎದ್ದಿವೆ. ಎಲ್ಲದರಲ್ಲೂ ವೇದಿಕೆ ಇದೆ. ಆ ವೇದಿಕೆಗೆ ಭಾರದ ಸಾಮಾನು ಏರಿಸಲು ದಾರಿ ಇಲ್ಲ. ಅಲ್ಲಿರುವ ಪ್ಲಗ್ ಪಾಯಿಂಟಿಗೆ ಸರಿಯಾದ ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವೈರು, ಇಲ್ಲ. ನಾನು ಕೇಳುತ್ತಿರುವುದು ಈ ಎರಡನ್ನೇ.

ನಾನು ತುಮಕೂರಿನ ಗುಬ್ಬಿ ಗೇಟ್ ಹತ್ತಿರ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಹಗಲೆಲ್ಲ ಬೋರ್‌ವೆಲ್ ಮೋಟಾರ್ ಬಿಚ್ಚಿ ಸುತ್ತುವ ಕೆಲಸ. ಪ್ರೋಗ್ರಾಂ ಇದ್ದ ಸಂಜೆ ಬೇಸ್ ಗಿಟಾರ್, ಅಂದರೆ ತಗ್ಗಿನ ಸ್ವರದ ಗಿಟಾರ್, ನುಡಿಸುತ್ತೇನೆ. 26 ವರ್ಷ ಆಯಿತು. ಪಾವಗಡ, ಶಿರಾ, ಮಧುಗಿರಿ, ತಿಪಟೂರು, ತುರುವೇಕೆರೆ, ಕುಣಿಗಲ್, ಯಾವ ತಾಲ್ಲೂಕನ್ನೂ ಬಿಟ್ಟಿಲ್ಲ. ಜಾತ್ರೆ, ರಾಜ್ಯೋತ್ಸವ, ಗಣೇಶ, ಮದುವೆ ರಿಸೆಪ್ಷನ್, ಎಲ್ಲ ಆಗಿದೆ.

ಆ ಗಿಟಾರಿನ ಸದ್ದು ಹೊರಡುವ ಡಬ್ಬ ಎಂಥದ್ದು ಅಂತ ಮೊದಲು ಹೇಳುತ್ತೇನೆ. ಹತ್ತು ಇಂಚಿನ ಎಂಟು ಸ್ಪೀಕರ್, ಎರಡೆರಡರಂತೆ ನಾಲ್ಕು ಸಾಲು. ಎತ್ತರ ನಾಲ್ಕು ಅಡಿ, ಅಗಲ 26 ಇಂಚು, ಆಳ 16 ಇಂಚು. ಅಮೆರಿಕದ ಆಂಪೆಗ್ ಕಂಪನಿ 1969ರಲ್ಲಿ ಎಸ್‌ವಿಟಿ ಎಂಬ 300 ವ್ಯಾಟ್‌ನ, ಬಲ್ಬಿನಂಥ ಗಾಜಿನ ವಾಲ್ವ್‌ಗಳಿರುವ ಆಂಪ್ಲಿಫೈಯರ್ ತಂದಾಗ ಅದಕ್ಕೆ ಜೋಡಿಯಾಗಿ ಬಂದ ನಮೂನೆ ಇದು. ಆ ವರ್ಷ ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ಎಂಬ ರಾಕ್ ತಂಡ ತನ್ನ ಅಮೆರಿಕ ಪ್ರವಾಸಕ್ಕೆ ಇದನ್ನೇ ಹೊತ್ತೊಯ್ದಿತ್ತು. ನನ್ನದು ಬೆಂಗಳೂರಿನ ಒಂದು ಬ್ಯಾಂಡಿನ ಹುಡುಗರು ತಂಡ ನಿಲ್ಲಿಸಿದಾಗ 2011ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಪೆಟ್ಟಿಗೆ 64 ಕೆಜಿ. ಅದರ ಮೇಲೆ ಕೂರುವ ಆಂಪ್ಲಿಫೈಯರ್, ನಾವು ಹೆಡ್ ಅನ್ನುವುದು, 36 ಕೆಜಿ. ಎರಡೂ ಸೇರಿದರೆ ಒಂದು ಕ್ವಿಂಟಾಲ್, ಅಂದರೆ ಹಳೇ ಲೆಕ್ಕದ ಒಂದು ರಾಗಿ ಮೂಟೆ. ಆದರೆ ಮೂಟೆ ಹೆಗಲ ಮೇಲೆ ಬಾಗಿ ಕೂರುತ್ತದೆ. ಪೆಟ್ಟಿಗೆ ಬಾಗುವುದಿಲ್ಲ. ಬಟವಾಡಿ ಎಪಿಎಂಸಿಯಲ್ಲಿ ದಿನವೂ ಮೂಟೆ ಹೊರುವ ಹಮಾಲರೊಬ್ಬರು ಇದನ್ನು ಒಂದು ಸಲ ಸುತ್ತು ಬಂದು ನೋಡಿ, "ಹಿಡಿಯೋಕೆ ಎಲ್ಲಿದೆ ಸಾಮಿ ಇದಕ್ಕೆ" ಅಂತ ಕೇಳಿದ್ದರು.

ಸಾಗಿಸುವುದು ಅಂಥ ಕಷ್ಟವಲ್ಲ. ಶುರುವಿನಲ್ಲಿ ಚಿಕ್ಕ ಆಂಪ್ಲಿಫೈಯರ್ ಇತ್ತು, ಸರ್ಕಾರಿ ಬಸ್ಸಿನಲ್ಲೇ ಹೋಗುತ್ತಿದ್ದೆ. 30 ಕೆಜಿವರೆಗೆ ಬಿಡುತ್ತಾರೆ, ಮೇಲಿದ್ದರೆ ಲಗೇಜ್ ಟಿಕೆಟ್. ಈಗ ಟಾಟಾ ಏಸ್ ಬಾಡಿಗೆಗೆ ಹಿಡಿಯುತ್ತೇವೆ. ಪೆಟ್ಟಿಗೆಯನ್ನು ಬೆನ್ನ ಮೇಲೆ ಮಲಗಿಸಿ, ಕೆಳಗೆ ತೆಂಗಿನ ನಾರಿನ ಹಾಸಿಗೆ ಹಾಕಿ, ಕ್ಯಾಬಿನ್ ಕಡೆಗೆ ಒತ್ತಿ ಹಗ್ಗ ಬಿಗಿಯುತ್ತೇವೆ. ಹೆಡ್ ಮಾತ್ರ ಡ್ರೈವರ್ ಪಕ್ಕದ ಸೀಟಿನಲ್ಲಿ ಜಮಖಾನ ಸುತ್ತಿಕೊಂಡು ಕೂರುತ್ತದೆ. ಅದರೊಳಗೆ ಗಾಜಿನ ವಾಲ್ವ್‌ಗಳಿವೆ, ಸಣ್ಣದು ದೊಡ್ಡದು ಸೇರಿ. ಪ್ರೋಗ್ರಾಂ ಮುಗಿದ ತಕ್ಷಣ ಅದನ್ನು ಅಲ್ಲಾಡಿಸಬಾರದು. ಕಾದ ಗಾಜು ಆರುವವರೆಗೆ ಕಾಲು ಗಂಟೆ, ಇಪ್ಪತ್ತು ನಿಮಿಷ ಬಿಡಬೇಕು. ಶಾಮಿಯಾನದವರು ಕುರ್ಚಿ ಎತ್ತುತ್ತಾ "ಬೇಗ ಖಾಲಿ ಮಾಡಿ" ಅಂತಿದ್ದರೂ ನಾನು ಆ ಇಪ್ಪತ್ತು ನಿಮಿಷ ಬಿಟ್ಟುಕೊಡುವುದಿಲ್ಲ. ಗಾಡಿಯ ಹಿಂದೆ ಮನುಷ್ಯರನ್ನು ಕೂರಿಸುವುದಿಲ್ಲ, ಅದು ತಪ್ಪು, ಅಪಾಯ ಕೂಡ. ನಾನು ಬೈಕಿನಲ್ಲಿ ಹಿಂದೆ ಬರುತ್ತೇನೆ. ಹಗ್ಗ ಸಡಿಲಾದರೆ ನನಗೆ ಕಾಣುತ್ತದೆ. ಪಾವಗಡಕ್ಕೆ ಸುಮಾರು ನೂರು ಕಿಲೋಮೀಟರ್ ಹೀಗೇ ಹೋಗಿ ಬಂದಿದ್ದೇವೆ, ಒಂದು ಗೀರೂ ಬಿದ್ದಿಲ್ಲ.

ಕಷ್ಟ ಶುರುವಾಗುವುದು ಭವನದ ಒಳಗೆ ಕಾಲಿಟ್ಟ ಮೇಲೆ. ನಮ್ಮ ಕಡೆಯ ವೇದಿಕೆಗಳು ಮೂರರಿಂದ ನಾಲ್ಕು ಅಡಿ ಎತ್ತರ ಇರುತ್ತವೆ. ಪಕ್ಕದಲ್ಲಿ ಏಳೆಂಟು ಮೆಟ್ಟಿಲು. ಮೆಟ್ಟಿಲಿನ ಅಗಲ ಎರಡೂವರೆ ಅಡಿ. ಪೆಟ್ಟಿಗೆಗೆ ಚಕ್ರ ಇದೆ, ಸಮತಟ್ಟು ನೆಲದಲ್ಲಿ ಒಬ್ಬನೇ ಒರಗಿಸಿಕೊಂಡು ಎಳೆದುಬಿಡಬಹುದು. ಮೆಟ್ಟಿಲ ಬುಡಕ್ಕೆ ಬಂದ ಕೂಡಲೇ ಚಕ್ರ ಇದ್ದೂ ಇಲ್ಲದ ಹಾಗೆ. ನಾಲ್ಕು ಜನ ಬೇಕು. ಇಬ್ಬರು ಮೇಲೆ, ಇಬ್ಬರು ಕೆಳಗೆ. ಭಾರ ಬೀಳುವುದು ಕೆಳಗಿನವರ ಮೇಲೆ, ಅದಕ್ಕೆ ಗಟ್ಟಿಗರು ಕೆಳಗೆ ನಿಲ್ಲಬೇಕು. ಎಣಿಸುವವನು ಒಬ್ಬನೇ ಇರಬೇಕು. ಇಬ್ಬರು ಎಣಿಸಿದರೆ ಒಂದು ಕಡೆ ಮೊದಲು ಏಳುತ್ತದೆ. ಎರಡೂವರೆ ಅಡಿ ಮೆಟ್ಟಿಲಲ್ಲಿ ಈ ಪೆಟ್ಟಿಗೆಯ ಪಕ್ಕ ಕಾಲಿಡಲು ಜಾಗವೇ ಉಳಿಯುವುದಿಲ್ಲ.

2019ರ ಮಳೆಗಾಲ. ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಭವನ, ಹೆಸರು ಬೇಡ. ಮೆಟ್ಟಿಲಿಗೆ ಪಾಲಿಶ್ ಮಾಡಿದ ಗ್ರಾನೈಟ್ ಹಾಕಿದ್ದರು. ನೋಡಲು ಚೆಂದ. ಹೊರಗೆ ಮಳೆ, ಎಲ್ಲರ ಚಪ್ಪಲಿಯೂ ಒದ್ದೆ. ಐದನೇ ಮೆಟ್ಟಿಲಲ್ಲಿ ನಮ್ಮ ಗಾಡಿ ಓಡಿಸುವ ಹುಡುಗನ ಕಾಲು ಜಾರಿತು. ಪೆಟ್ಟಿಗೆಯ ಮೂಲೆ ಅವನ ಎಡಗಾಲಿನ ಮೇಲೆ ಕೂತಿತು. ಎರಡು ಬೆರಳು ಮುರಿಯಿತು. ಎರಡು ತಿಂಗಳು ಗಾಡಿ ನಿಂತಿತು, ಗಾಡಿಯ ಸಾಲದ ಕಂತು ನಿಲ್ಲಲಿಲ್ಲ. ತಂಡದವರೆಲ್ಲ ಸೇರಿ ಆ ಕಂತು ಕಟ್ಟಿದೆವು. ಅವನು ಈಗಲೂ ನಮ್ಮ ಜೊತೆಗೇ ಬರುತ್ತಾನೆ. ಮೆಟ್ಟಿಲು ಬಂದಾಗ ಮಾತ್ರ ಮಾತು ನಿಲ್ಲಿಸಿಬಿಡುತ್ತಾನೆ, ಅದು ನನಗೆ ಗೊತ್ತಾಗುತ್ತದೆ.

ಅದೇ ಭವನಕ್ಕೆ ಕಳೆದ ವರ್ಷ ಮತ್ತೆ ಹೋಗಿದ್ದೆವು. ಅವತ್ತು ಒಬ್ಬ ಹಾರ್ಮೋನಿಯಂ ಮೇಷ್ಟ್ರಿಗೆ ಸನ್ಮಾನ ಇತ್ತು. 82 ವರ್ಷ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಆಡುವವರಿಗೆ ಅವರ ಪರಿಚಯ ಇಲ್ಲದೆ ಇರಲಾರದು. ಕಾಲು ಹಾರ್ಮೋನಿಯಂ ತುಳಿಯುತ್ತಾ ರಾತ್ರಿ ಹತ್ತಕ್ಕೆ ಕೂತರೆ ಬೆಳಗಿನ ಜಾವದವರೆಗೆ ಏಳುತ್ತಿರಲಿಲ್ಲ. ನನಗೆ ಸ್ವರ ಅಂದರೆ ಏನು, ಶ್ರುತಿ ಅಂದರೆ ಏನು ಅಂತ ಮೊದಲು ಹೇಳಿಕೊಟ್ಟವರು ಅವರೇ. ಈಗ ಮಂಡಿ ಎರಡೂ ಹೋಗಿವೆ. ಸಂಘಟಕರು ಅವರ ಹೆಸರು ಕರೆದರು. ಅವರು ಮೆಟ್ಟಿಲ ಬುಡದವರೆಗೆ ಕೋಲೂರಿ ಬಂದರು. ಮುಂದೆ ಆಗಲಿಲ್ಲ. ಆಗ ಸಂಜೆ ನಮ್ಮ ಪೆಟ್ಟಿಗೆ ಎತ್ತಿದ್ದ ಅದೇ ನಾಲ್ಕು ಹುಡುಗರು ಪ್ಲಾಸ್ಟಿಕ್ ಕುರ್ಚಿ ತಂದು, ಅವರನ್ನು ಅದರಲ್ಲಿ ಕೂರಿಸಿ, ಹೊತ್ತುಕೊಂಡು ಮೇಲೆ ತಂದರು. ಅಭ್ಯಾಸ ಬಲ, ಒಬ್ಬ ಹುಡುಗ "ಒಂದು, ಎರಡು, ಹಾ" ಅಂತ ಎಣಿಸಿದ. ಕುರ್ಚಿಯ ಕಾಲು ಬಾಗುತ್ತಿತ್ತು. ಮೇಷ್ಟ್ರು ಒಬ್ಬನ ಕುತ್ತಿಗೆ ಗಟ್ಟಿಯಾಗಿ ಹಿಡಿದುಕೊಂಡಿದ್ದರು, ಕಣ್ಣು ಮುಚ್ಚಿದ್ದರು. ಶಾಲು ಹೊದಿಸಿದಾಗ ಜನ ಚಪ್ಪಾಳೆ ತಟ್ಟಿದರು. ನನ್ನ ಪಕ್ಕ ಬಂದು ಕೂತ ಮೇಲೆ ಅವರು ಮೆಲ್ಲಗೆ ಅಂದರು: "ನನ್ನೂ ಸಾಮಾನು ಮಾಡ್ಬಿಟ್ರಲ್ಲಪ್ಪ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಲ್ಲಿಯವರೆಗೆ ಮೆಟ್ಟಿಲಿನ ಕಷ್ಟ ವಾದ್ಯದವರದ್ದು ಮಾತ್ರ ಅಂದುಕೊಂಡಿದ್ದೆ.

ಭವನದ ಮುಂಬಾಗಿಲಿಗೆ ಈಗ ಎಷ್ಟೋ ಕಡೆ ಇಳಿಜಾರು ಮಾಡಿದ್ದಾರೆ. ಸಾರ್ವಜನಿಕ ಕಟ್ಟಡಕ್ಕೆ ಎಲ್ಲರೂ ಹೋಗಿ ಬರುವಂತಿರಬೇಕು ಅಂತ ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ. ಗಾಲಿಕುರ್ಚಿಯವರು ಒಳಗೆ ಬರಬಹುದು, ಕೂತು ನೋಡಬಹುದು. ವೇದಿಕೆಗೆ ಮಾತ್ರ ಅವರು ಬರುವಂತಿಲ್ಲ. ಅವರಲ್ಲೂ ಹಾಡುವವರು, ಭಾಷಣ ಮಾಡುವವರು, ಬಹುಮಾನ ತೆಗೆದುಕೊಳ್ಳುವವರು ಇರುತ್ತಾರೆ ಅಲ್ವಾ?

ಇಳಿಜಾರಿನ ಲೆಕ್ಕ ಸುಲಭ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ, ಇದು ಗಾಲಿಕುರ್ಚಿಗೆ ಹೇಳುವ ಅಳತೆ. ಈ ಇಳಿಜಾರಿನಲ್ಲಿ ನನ್ನ 64 ಕೆಜಿ ಪೆಟ್ಟಿಗೆಯನ್ನು ಮೇಲಕ್ಕೆ ತಳ್ಳಲು ಐದಾರು ಕೆಜಿ ಎತ್ತುವಷ್ಟು ಬಲ ಸಾಕು, ಚಕ್ರದ ಎಳೆತಕ್ಕೆ ಇನ್ನೊಂದು ಸ್ವಲ್ಪ. ಒಬ್ಬ ಹುಡುಗಿ ಕೂಡ ತಳ್ಳಿಕೊಂಡು ಹೋಗಬಹುದು. ನಾಲ್ಕು ಅಡಿ ವೇದಿಕೆಗೆ 48 ಅಡಿ ಆಗುತ್ತದೆ, ಅಷ್ಟು ಜಾಗ ಎಲ್ಲಿದೆ ಅಂತ ಕೇಳುತ್ತಾರೆ. ಒಂದೇ ನೇರಕ್ಕೆ ಬೇಕಿಲ್ಲ. ಅರ್ಧ ಹೋಗಿ, ಒಂದು ಕಟ್ಟೆ ಮಾಡಿ, ತಿರುಗಿಸಿ ವಾಪಸ್ ತಂದರೆ 24 ಅಡಿ, ಕಟ್ಟೆಗೆ ಇನ್ನು ಸ್ವಲ್ಪ, ಅಷ್ಟು ಹಿತ್ತಲು ಸಾಕು. ನಮ್ಮ ಬಹುತೇಕ ಭವನಗಳ ಹಿಂದೆ ಅಷ್ಟು ಜಾಗ ಇದೆ. ಅಲ್ಲಿ ಈಗ ಹಳೇ ಶಾಮಿಯಾನದ ಕಂಬ, ಊಟದೆಲೆಯ ರಾಶಿ ಬಿದ್ದಿರುತ್ತದೆ.

ನೀವೇ ಹಲಗೆ ತಂದುಕೊಳ್ಳಿ ಅಂದವರೂ ಇದ್ದಾರೆ. ಅದನ್ನೂ ಮಾಡಿ ನೋಡಿದೆ. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಎಂಟು ಅಡಿ ಹಲಗೆ ಮಾಡಿಸಿದೆ. ನಾಲ್ಕು ಅಡಿ ಎತ್ತರಕ್ಕೆ ಎಂಟು ಅಡಿ ಹಲಗೆ ಅಂದರೆ ಗೋಡೆ ಹತ್ತಿದ ಹಾಗೆ. ಪೆಟ್ಟಿಗೆಯ ಅರ್ಧ ಭಾರ ತಳ್ಳುವವನ ಎದೆ ಮೇಲೇ ಇರುತ್ತದೆ. ಕೈ ತಪ್ಪಿದರೆ ಮೆಟ್ಟಿಲಿಗಿಂತ ಜೋರಾಗಿ ಇಳಿದು ಬರುತ್ತದೆ. ಎರಡು ಸಲ ಬಳಸಿ ಅಂಗಡಿಯ ಗೋಡೆಗೆ ಒರಗಿಸಿಟ್ಟೆ.

ಚಿಕ್ಕ ಸಾಮಾನು ತೆಗೆದುಕೊಳ್ಳಿ, ಈಗ ಮೂರು ಕೆಜಿಯ ಹೆಡ್ ಬಂದಿದೆಯಲ್ಲ ಅಂತಲೂ ಹೇಳುತ್ತಾರೆ. ನಿಜ, ಬಂದಿದೆ, ಒಳ್ಳೆಯದೇ. ನನ್ನ ಹತ್ತಿರವೂ ಒಂದಿದೆ, ಮನೆ ಕಾರ್ಯಕ್ರಮಗಳಿಗೆ ಅದನ್ನೇ ಒಯ್ಯುತ್ತೇನೆ. ಆದರೆ ವೇದಿಕೆ ಏರುವುದು ನನ್ನ ಪೆಟ್ಟಿಗೆ ಒಂದೇ ಅಲ್ಲ. ಸೌಂಡ್‌ನವರ ಬಾಕ್ಸ್, ಡ್ರಮ್ ಸೆಟ್, ಸ್ಟೆಬಿಲೈಸರ್, ನಾಟಕದವರ ಸೀನರಿ, ಮದುವೆಯವರ ಸೋಫಾ, ಕಾಲು ಹಾರ್ಮೋನಿಯಂ, ಎಲ್ಲವೂ ಅದೇ ಮೆಟ್ಟಿಲಲ್ಲಿ ಏರಬೇಕು. ಗುಬ್ಬಿ ಕಂಪನಿ 1884ರಲ್ಲಿ ಹುಟ್ಟಿದ್ದು ಇದೇ ಜಿಲ್ಲೆಯಲ್ಲಿ. ಆನೆ, ಕುದುರೆಗಳನ್ನು ರಂಗದ ಮೇಲೆ ತಂದ ಕಂಪನಿ ಅದು. ಅವರ ಆನೆ ಎರಡೂವರೆ ಅಡಿ ಮೆಟ್ಟಿಲು ಹತ್ತಿ ಬಂದಿರಲಾರದು. ವೇದಿಕೆ ಕಟ್ಟುವಾಗ ಮೇಲೆ ಬರುವುದು ಏನು ಅಂತ ಯೋಚಿಸುವವರು ಆಗ ಇದ್ದರು.

ಇನ್ನು ಅರ್ಥಿಂಗ್. ಇದು ನನ್ನ ಕಸುಬಿನ ವಿಷಯ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೇಸ್ ಗಿಟಾರ್‌ನ ಕಬ್ಬಿಣದ ತಂತಿಗಳು ಒಳಗಿನಿಂದ ಆಂಪ್ಲಿಫೈಯರ್‌ನ ಅರ್ಥ್‌ಗೆ ಸೇರಿರುತ್ತವೆ. ಹಾಡುವ ಮೈಕು, ಸೌಂಡ್‌ನವರು ಎಲ್ಲ ಸದ್ದು ಬೆರೆಸುವ ಮಿಕ್ಸರ್‌ನ ಅರ್ಥ್‌ಗೆ ಸೇರಿರುತ್ತದೆ. ಎರಡಕ್ಕೂ ಕರೆಂಟ್ ಬೇರೆ ಬೇರೆ ಪ್ಲಗ್ಗಿನಿಂದ. ಒಂದು ಪ್ಲಗ್ಗಿನ ಅರ್ಥ್ ಕಡಿದಿದ್ದು, ಆ ಕಡೆ ಸ್ವಲ್ಪ ಕರೆಂಟ್ ಸೋರುತ್ತಿದ್ದರೆ ಏನಾಗುತ್ತದೆ ನೋಡಿ. ಕೈ ತಂತಿಯ ಮೇಲಿದೆ, ತುಟಿ ಮೈಕಿಗೆ ತಾಗುತ್ತದೆ. ಎರಡರ ನಡುವೆ ಇರುವ ವೈರು ನಮ್ಮ ಮೈ. 1972ರಲ್ಲಿ ಸ್ಟೋನ್ ದಿ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ ವೇಲ್ಸ್‌ನ ಸ್ವಾನ್ಸಿಯಲ್ಲಿ ವೇದಿಕೆಯ ಮೇಲೇ ತೀರಿಕೊಂಡದ್ದು ಅರ್ಥ್ ಇಲ್ಲದ ಮೈಕ್ ಮುಟ್ಟಿ.

ನನಗೂ ಹೊಡೆದಿದೆ. ಒಂದು ಕಲ್ಯಾಣ ಮಂಟಪದಲ್ಲಿ ಕೋರಸ್ ಹಾಡಲು ಮೈಕಿನ ಹತ್ತಿರ ಬಾಗಿದೆ, ಅಷ್ಟೇ ನೆನಪು. ಎಚ್ಚರ ಆದಾಗ ಡ್ರಮ್ಮಿನ ಪಕ್ಕ ಬಿದ್ದಿದ್ದೆ, ತುಟಿ ಒಡೆದಿತ್ತು. ಆಮೇಲೆ ಸ್ವಿಚ್ ಬೋರ್ಡ್ ಬಿಚ್ಚಿ ನೋಡಿದರೆ ಮೂರನೇ ದಪ್ಪ ತೂತಿಗೆ ವೈರೇ ಎಳೆದಿರಲಿಲ್ಲ. ಹೊರಗಿನಿಂದ ನೋಡಿದರೆ ಮೂರು ತೂತೂ ಸರಿಯಾಗೇ ಇವೆ. ಯಾರಿಗೆ ತಾನೇ ಗೊತ್ತಾಗಬೇಕು? ಮನೆಗೆ ಬಂದು ಹೆಂಡತಿಗೆ ಬಿದ್ದೆ ಅಂತ ಮಾತ್ರ ಹೇಳಿದೆ. ಈ ಪತ್ರ ಓದಿ ಅವಳಿಗೆ ನಿಜ ತಿಳಿಯುತ್ತದೆ.

ಅವತ್ತಿನಿಂದ ನಾನು 30 ಮಿಲಿ ಆಂಪ್‌ನ ಆರ್‌ಸಿಸಿಬಿ ಹಾಕಿದ ಎಕ್ಸ್‌ಟೆನ್ಶನ್ ಬಾಕ್ಸ್ ಮಾಡಿಕೊಂಡಿದ್ದೇನೆ. ಆ ಬಾಕ್ಸಿನಿಂದ ಹೋಗುವ ಕರೆಂಟ್ ಮೈ ಮೇಲೆ ಸೋರಿದರೆ ಕ್ಷಣದಲ್ಲಿ ಲೈನ್ ಬಿಟ್ಟುಬಿಡುತ್ತದೆ. ಅದನ್ನು ಚುಚ್ಚುವ ಮೊದಲು ಪ್ರತಿ ಭವನದಲ್ಲೂ ಟೆಸ್ಟ್ ಲ್ಯಾಂಪ್ ಹಿಡಿದು ನೋಡುತ್ತೇನೆ. ಫೇಸ್‌ಗೂ, ಅಂದರೆ ಕರೆಂಟ್ ಬರುವ ತೂತಿಗೂ, ಅರ್ಥ್‌ಗೂ ನಡುವೆ ಬಲ್ಬು ಪೂರ್ತಿ ಉರಿಯಬೇಕು, ಇಲ್ಲವೇ ಭವನದ ಆರ್‌ಸಿಸಿಬಿ ಇದ್ದರೆ ಅದು ಟ್ರಿಪ್ ಆಗಬೇಕು. ಬಲ್ಬು ಮಂಕಾದರೆ ಅರ್ಥ್ ಗುಂಡಿ, ಅಂದರೆ ಆ ವೈರು ನೆಲ ಸೇರುವ ಜಾಗ, ಒಣಗಿದೆ. ಉರಿಯದಿದ್ದರೆ ವೈರೇ ಇಲ್ಲ. ಮಂಕಾಗಿ ಉರಿದದ್ದನ್ನೇ ನಾನು ಜಾಸ್ತಿ ನೋಡಿದ್ದೇನೆ. ನಮ್ಮದು ಮಳೆ ಕಡಿಮೆ ಇರುವ ಸೀಮೆ. ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ನೀರು ಹಾಕುವವರು ಬೇಕು. ಭವನಕ್ಕೆ ಬಣ್ಣ ಹೊಡೆಸುವವರು ಆ ಗುಂಡಿಯ ಮುಚ್ಚಳವನ್ನೂ ವರ್ಷಕ್ಕೊಮ್ಮೆ ತೆಗೆಸಲಿ. ಜಾತ್ರೆಯ ಜನರೇಟರ್‌ಗೂ ಇದೇ ಮಾತು. ಎರಡೇ ವೈರು ಎಳೆದುಕೊಂಡು ಬಂದು ಮೂರನೆಯದನ್ನು ಬಿಟ್ಟುಬಿಡುತ್ತಾರೆ.

ಈಗ ಸದ್ದಿನ ವಿಷಯ. ಪತ್ರ ಬರೆದ ಓದುಗರ ಮನೆಯ ಕಿಟಕಿ ನಡುಗುತ್ತದೆ ಅಂದರೆ ನಾನು ನಂಬುತ್ತೇನೆ. ಬೇಸ್‌ನ ದಪ್ಪ ತಂತಿ ಸೆಕೆಂಡಿಗೆ 41 ಸಲ ನಡುಗುತ್ತದೆ. ಅದರ ಒಂದು ಅಲೆ ಎಂಟು ಮೀಟರ್‌ಗಿಂತ ಉದ್ದ. ಎರಡು ಟಾಟಾ ಏಸ್ ಹಿಂದೆ ಮುಂದೆ ನಿಲ್ಲಿಸಿದರೂ ಅಷ್ಟುದ್ದ ಆಗುವುದಿಲ್ಲ. ಅಂಥ ಅಲೆಗೆ ಇಟ್ಟಿಗೆ ಗೋಡೆ ದೊಡ್ಡ ಅಡ್ಡಿಯಲ್ಲ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ಹೇಳುವ ಡೆಸಿಬಲ್ ಅಳತೆ ನಮ್ಮ ಕಿವಿಗೆ ತಕ್ಕಂತೆ ಕೆಳಗಿನ ಸ್ವರವನ್ನು ಬಹಳ ಕಡಿಮೆ ಎಣಿಸುತ್ತದೆ. 41ರ ಸ್ವರವನ್ನು ಸುಮಾರು 34 ಡೆಸಿಬಲ್ ಇಳಿಸಿ ಲೆಕ್ಕ ಹಾಕುತ್ತದೆ. ಹಾಗಾಗಿ ಮೀಟರ್ ಸರಿ ಅಂದರೂ ಕಿಟಕಿ ನಡುಗಬಹುದು. ಅವರ ದೂರು ಸುಮ್ನೆ ಅಲ್ಲ.

ಆದರೆ ದೊಡ್ಡ ಪೆಟ್ಟಿಗೆ ಇರುವುದು ಜೋರು ಮಾಡಲಿಕ್ಕೆ ಅನ್ನುವುದು ಸರಿಯಲ್ಲ. ನಾಲ್ಕು ಅಡಿ ಎತ್ತರದ ಪೆಟ್ಟಿಗೆಯ ಮೇಲಿನ ಸ್ಪೀಕರ್‌ಗಳು ನನ್ನ ಕಿವಿಯ ಕಡೆಗೆ ಇರುತ್ತವೆ. ನನಗೂ ಡ್ರಮ್ಮಿನವನಿಗೂ ಸ್ವರ ಬಿಡಿಬಿಡಿಯಾಗಿ ಕೇಳುತ್ತದೆ. ಕಡಿಮೆ ಇಟ್ಟರೂ ಸಾಕಾಗುತ್ತದೆ. ಹತ್ತಿಂಚಿನ ಎಂಟು ಸ್ಪೀಕರ್‌ಗಳ ಕೋನ್ ಸೇರಿದರೆ ಹದಿನೈದಿಂಚಿನ ಮೂರು ಸ್ಪೀಕರ್‌ಗಿಂತ ಹೆಚ್ಚು ವಿಸ್ತಾರ, ಹಾಗಾಗಿ ಒಂದೊಂದು ಕೋನೂ ಸ್ವಲ್ಪವೇ ಅಲ್ಲಾಡಿದರೆ ಆಯಿತು. ಚಿಕ್ಕ ಡಬ್ಬ ನೆಲದ ಮೇಲಿದ್ದರೆ ಸ್ವರ ನುಡಿಸುವವನ ಮಂಡಿಗೆ ಹೊಡೆದು ಮುಂದೆ ಹೋಗುತ್ತದೆ. ಕೇಳಿಸುತ್ತಿಲ್ಲ ಅಂತ ಅವನು ತಿರುಗಿಸುತ್ತಾ ಹೋಗುತ್ತಾನೆ, ಮುಂದಿನ ಸಾಲಿನವರು ಕಿವಿ ಮುಚ್ಚಿಕೊಳ್ಳುತ್ತಾರೆ. ಹಲಗೆಯ ಟೊಳ್ಳು ವೇದಿಕೆಯಲ್ಲಿ ನಾನು ಗಾಡಿಯಿಂದ ಆ ನಾರಿನ ಹಾಸಿಗೆಯನ್ನೇ ತಂದು ಪೆಟ್ಟಿಗೆಯ ಕೆಳಗೆ ಹಾಕುತ್ತೇನೆ. ಹಲಗೆ ಗುಂಯ್‌ಗುಡುವುದು ನಿಲ್ಲುತ್ತದೆ. ಹತ್ತು ಗಂಟೆಗೆ ನಾನು ಸ್ವಿಚ್ ಆಫ್ ಮಾಡುತ್ತೇನೆ. ಇನ್ನೊಂದು ಹಾಡು ಅಂತ ಯಾರೇ ಕೇಳಿದರೂ ಇಲ್ಲ. ಆ ಓದುಗರು ಒಂದು ಸಂಜೆ ನಮ್ಮ ಪ್ರೋಗ್ರಾಂಗೆ ಬಂದು, ಪೆಟ್ಟಿಗೆಯ ಮುಂದೆ ನಿಂತು ಕೇಳಲಿ. ಅವರ ಮನೆಯವರೆಗೆ ನಡೆದು ಹೋಗಿ ಇಬ್ಬರೂ ಸೇರಿ ಕಿಟಕಿ ಮುಟ್ಟಿ ನೋಡೋಣ. ನಡುಗುತ್ತಿದ್ದರೆ ನಾನು ಇನ್ನೂ ಇಳಿಸುತ್ತೇನೆ.

ಭವನ ನೋಡಿಕೊಳ್ಳುವ ಸಮಿತಿಯವರಿಗೆ, ಹೊಸದಾಗಿ ಕಟ್ಟಿಸುತ್ತಿರುವವರಿಗೆ ನನ್ನದೊಂದು ಮಾತು. ತುಮಕೂರು, ಗುಬ್ಬಿ ತಾಲ್ಲೂಕಿನ ಯಾವ ಭವನದವರೇ ಕರೆದರೂ ವೇದಿಕೆಯ ಅರ್ಥಿಂಗ್ ಪರೀಕ್ಷೆ ನಾನೇ ಬಂದು ಮಾಡಿಕೊಡುತ್ತೇನೆ. ದುಡ್ಡು ಬೇಡ. ಸೋಮವಾರ ಅಂಗಡಿಗೆ ರಜೆ. ಅರ್ಥ್ ವೈರ್ ಇಲ್ಲದಿದ್ದರೆ ಎಳೆಯುವ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಬೇಕು, ಎಲ್ಲಿ ಏನು ಬೇಕು ಅಂತ ಬರೆದುಕೊಡುತ್ತೇನೆ.

ಬರುವ ನವೆಂಬರ್ 1ರ ರಾಜ್ಯೋತ್ಸವಕ್ಕೆ ಮೇಷ್ಟ್ರನ್ನು ಹೊತ್ತು ತಂದ ಅದೇ ಭವನದಲ್ಲಿ ನಮ್ಮ ಪ್ರೋಗ್ರಾಂ ಇದೆ. ಈ ಸಲ ಎರಡು ರಂಗಗೀತೆಗೆ ಅವರೇ ಹಾರ್ಮೋನಿಯಂ ನುಡಿಸಬೇಕು ಅಂತ ನಾವು ಕೇಳಿಕೊಂಡಿದ್ದೇವೆ. ಮೆಟ್ಟಿಲಿನ ಮಾತು ಬರುವವರೆಗೆ ಅವರು ಒಪ್ಪಿದ್ದರು. ಅಷ್ಟರೊಳಗೆ ಸಿಮೆಂಟಿನ ಇಳಿಜಾರು ಆಗದಿದ್ದರೂ ಪರವಾಗಿಲ್ಲ. ಹಿಂಬದಿಯ ಬಾಗಿಲಿನವರೆಗೆ ಟ್ರ್ಯಾಕ್ಟರಿನಲ್ಲಿ ಗಟ್ಟಿ ಮಣ್ಣು ತಂದು ತುಂಬಿ, ಮಟ್ಟ ಮಾಡಿ, ಮೇಲೆ ಕಲ್ಲು ಚಪ್ಪಡಿ ಹಾಸಿದರೂ ಆಯಿತು. ಮಣ್ಣು ಹೊರಲು ನಮ್ಮ ತಂಡದವರೆಲ್ಲ ಬರುತ್ತೇವೆ.

ಇಂತಿ,
ಒಬ್ಬ ಬೇಸ್ ಗಿಟಾರ್ ವಾದಕ
ಗುಬ್ಬಿ ಗೇಟ್, ತುಮಕೂರು